ಮುಟ್ಟಿತು, ಮುಟ್ಟಲಿಲ್ಲ

ಬೆಳಿಗ್ಗೆ ಆರೂವರೆಯ ಬಸ್ಸಿನಲ್ಲಿ ಹೂವಿನ ಪೆಟ್ಟಿಗೆಗಳು ಬರುತ್ತವೆ. ಉದ್ದನೆಯ ರಟ್ಟಿನ ಪೆಟ್ಟಿಗೆಗಳು, ಎರಡೂ ತುದಿಯಲ್ಲಿ ಗಾಳಿಯಾಡಲು ತೂತು. ಏಳಕ್ಕೆಲ್ಲ ಅಂಗಡಿಯ ಷಟರ್ ಅರ್ಧ ಮೇಲೇರಿರುತ್ತದೆ. ಒಳಗೆ ಹೆಂಡತಿ ಒಂದೊಂದೇ ಕಾಂಡವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಹಿಡಿದು ಓರೆಯಾಗಿ ಕತ್ತರಿಸುತ್ತಾರೆ. ಗಂಡ ಕೆಳಗಿನ ಎಲೆ, ಮುಳ್ಳು ಸವರುತ್ತಾರೆ. ನೀರಿಗೆ ತಾಗುವ ಒಂದು ಎಲೆ ಉಳಿದರೂ ಎರಡನೇ ದಿನಕ್ಕೆ ಬಕೆಟ್ಟು ನಾರುತ್ತದೆ. ಆ ಕೆಲಸದಲ್ಲಿ ಇಬ್ಬರಿಗೂ ಮಾತು ಬೇಕಾಗುವುದಿಲ್ಲ.

ಗಂಡನನ್ನು ಊರು ಕರೆಯುವುದು ತಂತಿಯಣ್ಣ ಎಂದು. ಜೋಲುವ ಜರ್ಬೇರಾ ಹೂವಿನ ಕತ್ತಿಗೆ ಸಣ್ಣ ತಂತಿ ಸುತ್ತಿ ನಿಲ್ಲಿಸುತ್ತಾರಲ್ಲ, ಅದಕ್ಕೇ ಆ ಹೆಸರು ಎಂದು ಈಗಿನ ಮಕ್ಕಳು ತಿಳಿದುಕೊಂಡಿದ್ದಾರೆ. ಅವರು ತಿದ್ದಲು ಹೋಗುವುದಿಲ್ಲ. ಹೆಸರು ಬಂದದ್ದು ಟೆಲಿಗ್ರಾಂನಿಂದ. ಹತ್ತೊಂಬತ್ತು ವರ್ಷ ಸೈಕಲ್ ಮೇಲೆ ಮನೆಮನೆಗೆ ತಂತಿ ಮುಟ್ಟಿಸಿದವರು ಅವರು. ಅವರ ಬೆಲ್ಲು ಕೇಳಿದರೆ ಬೀದಿಯ ಹೆಂಗಸರು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು, ಸೈಕಲ್ಲು ತಮ್ಮ ಮನೆ ದಾಟಿ ಮುಂದೆ ಹೋದರೆ ಉಸಿರು ಬಿಡುತ್ತಿದ್ದರು. ತಂತಿ ಕಚೇರಿ ಮುಚ್ಚಿದಾಗ ಹೆಂಡತಿ ಅಂದದ್ದು ಇಷ್ಟು: "ಸೈಕಲ್ ಇದೆ, ಊರಿನ ಬಾಗಿಲುಗಳೆಲ್ಲ ಗೊತ್ತು. ಜನ ಬಾಗಿಲು ತೆಗೆದು ನಗೋ ಥರದ್ದು ಏನಾದ್ರೂ ಹಂಚ್ರೀ ಇನ್ಮೇಲೆ." ಮದುವೆ ಮನೆಗಳ ವೇದಿಕೆ ಸಿಂಗರಿಸುವವರ ಕೈಕೆಳಗೆ ಹೆಂಡತಿ ಹೂ ಕಟ್ಟುವುದನ್ನು ಕಲಿತಿದ್ದರು. ಅಂಗಡಿ ಶುರುವಾದದ್ದು ಹಾಗೆ.

ಹೊರಗಿನವರ ಆರ್ಡರ್ ಫೋನಿನಲ್ಲಿ ಬರುತ್ತದೆ. ದೂರದಲ್ಲಿರುವ ಯಾರೋ ಈ ಊರಿನಲ್ಲಿರುವ ಯಾರಿಗೋ ಹೂ ಕಳಿಸಬೇಕು ಎನ್ನುತ್ತಾರೆ. ಯಾವ ಹೂ, ಯಾವ ದಿನ, ಯಾವ ಬಾಗಿಲು, ಕಾರ್ಡಿನಲ್ಲಿ ಏನು ಬರೆಯಬೇಕು. ತಂತಿಯಣ್ಣ ಬರೆದುಕೊಂಡು, ಹಳೆಯ ಅಭ್ಯಾಸದಂತೆ, ಪ್ರತಿ ಪದವನ್ನೂ ಓದಿ ಹೇಳಿ ಒಪ್ಪಿಗೆ ಪಡೆಯುತ್ತಾರೆ. ಆಮೇಲೆ ಆ ಮಾತನ್ನು ಹೆಂಡತಿಯ ಮುಂದೂ ಎತ್ತುವುದಿಲ್ಲ.

ತಂತಿ ಕಚೇರಿಯಿಂದ ಅವರು ತಂದ ನಿಯಮಗಳು ಇನ್ನೂ ಇವೆ. ಹೂವನ್ನು ಕೈಯಿಂದ ಕೈಗೇ ಕೊಡಬೇಕು, ಪಕ್ಕದ ಮನೆಗೆ ಕೊಟ್ಟು ಬರುವಂತಿಲ್ಲ. ಕೊಟ್ಟ ಮೇಲೆ ಗೇಟಿನ ಹೊರಗೆ ಬಂದು, ಬಾಗಿಲು ಮುಚ್ಚುವ ತನಕ ನಿಲ್ಲಬೇಕು. ಹಿಂದೆಲ್ಲ ತಂತಿ ಓದಿದವರು ಹೊಸ್ತಿಲಲ್ಲೇ ಕುಸಿದದ್ದುಂಟು, ಹಾಗಾಗಿ. ಅಂಗಡಿಗೆ ಬಂದು ಪುಸ್ತಕದಲ್ಲಿ ಬರೆಯಬೇಕು. ಗೆರೆ ಎಳೆದ ದಪ್ಪ ಪುಸ್ತಕ. ಎಡಕ್ಕೆ 'ಮುಟ್ಟಿತು', ಬಲಕ್ಕೆ 'ಮುಟ್ಟಲಿಲ್ಲ'. ಬಲಕ್ಕೆ ಬರೆದರೆ ಕಾರಣವನ್ನೂ ಬರೆಯಬೇಕು: ಮನೆಗೆ ಬೀಗ, ಊರಲ್ಲಿಲ್ಲ, ನಿರಾಕರಿಸಿದರು. ಕೊನೆಗೆ, ಕಳಿಸಿದವರಿಗೆ ಫೋನ್ ಮಾಡಿ ಪುಸ್ತಕದಲ್ಲಿರುವುದನ್ನೇ ಹೇಳಬೇಕು.

ಈ ಕೊನೆಯ ನಿಯಮವನ್ನು ತಂತಿಯಣ್ಣ ಒಬ್ಬರ ವಿಷಯದಲ್ಲಿ ಆರು ವರ್ಷ ಮುರಿದರು.

ಅವರು ದೂರದ ಊರಿನ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ತಂಗಿ ಈ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾರೆ. ಕೆಳಗೆ ಅಂಗಡಿ, ಹೊರಗಿನ ಮೆಟ್ಟಿಲು ಹತ್ತಿದರೆ ಮನೆ. ಊರಿನ ಅರ್ಧ ಜನರ ಕಣ್ಣಿನ ನಂಬರು ಆಕೆಗೆ ಬಾಯಿಪಾಠ. ತಂಗಿಯ ಹುಟ್ಟುಹಬ್ಬಕ್ಕೆ ಹಳದಿ ಗುಲಾಬಿ, ಬಿಳಿ ಸೇವಂತಿಗೆ ಕಳಿಸಬೇಕು ಎಂದು ಮೇಡಂ ಮೊದಲ ಸಲ ಫೋನ್ ಮಾಡಿದಾಗ ಕಾರ್ಡಿನ ಮಾತನ್ನು ಉಕ್ತಲೇಖನದ ಹಾಗೆ ಹೇಳಿದರು. ಪೂರ್ಣವಿರಾಮವನ್ನೂ ಬಿಡದೆ. "ಓದಿ ನೋಡೋಣ," ಎಂದರು. ತಂತಿಯಣ್ಣ ಎದ್ದು ನಿಂತು ಓದಿದರು. ಹೆಂಡತಿ ವಾರವೆಲ್ಲ ಅದನ್ನೇ ಹಿಡಿದು ಕಾಡಿದರು. "ಬೆಂಚಿನ ಮೇಲೆ ನಿಲ್ಲಿಸ್ಲಿಲ್ವಲ್ಲ, ಪುಣ್ಯ!"

ಹುಟ್ಟುಹಬ್ಬದ ದಿನ ತಂಗಿ ಬಾಗಿಲಲ್ಲೇ ಕಾರ್ಡು ತೆಗೆದು ಓದಿದರು, ಮತ್ತೆ ಅದರ ಲಕೋಟೆಯಲ್ಲಿಟ್ಟರು, ಹೂಗುಚ್ಛವನ್ನು ತಂತಿಯಣ್ಣನ ಕೈಗೇ ವಾಪಸು ಕೊಟ್ಟರು. "ತಗೊಂಡ್ಹೋಗಿ ಅಣ್ಣಾ. ನಿಮ್ಮ ಮೇಲೆ ಸಿಟ್ಟಿಲ್ಲ," ಎಂದರು. ಬಾಗಿಲು ಮುಚ್ಚಿತು.

ಪುಸ್ತಕದಲ್ಲಿ ಅವರು ಸರಿಯಾಗಿಯೇ ಬರೆದರು: ಮುಟ್ಟಲಿಲ್ಲ, ನಿರಾಕರಿಸಿದರು. ಆಮೇಲೆ ಫೋನ್ ಮಾಡಿದರು. ಮೊದಲ ಗಂಟೆಗೇ ಅತ್ತ ಕಡೆ ಎತ್ತಿದ್ದರು. ಇವರು ಬಾಯಿ ತೆರೆಯುವ ಮೊದಲೇ ಕೇಳಿದರು, "ತಗೊಂಡ್ಲಾ?"

ಹತ್ತೊಂಬತ್ತು ವರ್ಷ ಊರಿಗೆಲ್ಲ ಸಾವಿನ ಸುದ್ದಿ ಮುಟ್ಟಿಸಿದ ಮನುಷ್ಯ ಒಂದೇ ಒಂದು ಕೆಟ್ಟ ಸುದ್ದಿಯನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುತ್ತಿದ್ದುದು ಕಾಗದ. ಇವರು ಕಾಗದ ಕೊಟ್ಟು ಗೇಟಿನ ಹತ್ತಿರ ನಿಲ್ಲುತ್ತಿದ್ದರು, ಅಷ್ಟೆ. ಈಗ ಕೈಯಲ್ಲಿ ಕಾಗದವಿರಲಿಲ್ಲ, ಕಿವಿಯ ಹತ್ತಿರ ಒಬ್ಬ ವಯಸ್ಸಾದ ಹೆಂಗಸಿನ ಉಸಿರಿತ್ತು.

"ಮುಟ್ತು ಮೇಡಂ," ಎಂದುಬಿಟ್ಟರು.

ಕಾರ್ಡನ್ನು ಎಸೆಯಲು ಮನಸ್ಸು ಬರಲಿಲ್ಲ, ಪುಸ್ತಕದ ಆ ಪುಟದಲ್ಲೇ ಇಟ್ಟರು. ಹೂಗುಚ್ಛವನ್ನು ಆಸ್ಪತ್ರೆಯಲ್ಲಿ ಹೊರರೋಗಿಗಳು ಕಾಯುವ ಕೋಣೆಗೆ ಒಯ್ದರು. ಚೀಟಿ ಕೊಡುವ ಹೆಂಗಸು ಹಿಡಿ ಮುರಿದ ಜಗ್ಗೊಂದನ್ನು ಹುಡುಕಿ ತಂದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟರು. ಮುಂದಿನ ವರ್ಷ ಅದೇ ದಿನ, ಅದೇ ಹೂ, ಅದೇ ಕಾರ್ಡು. ತಂಗಿ ಈ ಸಲ ಓದಲೂ ಇಲ್ಲ. ಒಮ್ಮೆ "ಮುಟ್ಟಿತು" ಎಂದವರು ಎರಡನೇ ಸಲ ಹೇಗೆ ಮಾತು ಬದಲಿಸಿಯಾರು? ಹಾಗೆ ಆರು ವರ್ಷ ನಡೆಯಿತು, ಪ್ರತಿ ಸಲವೂ ಕಾರ್ಡು ಪುಸ್ತಕಕ್ಕೆ, ಹೂ ಆಸ್ಪತ್ರೆಗೆ. ಪುಸ್ತಕವನ್ನು ನೋಡುತ್ತಿದ್ದ ಹೆಂಡತಿ, ಗಂಡ ಎಂದಿನಂತೆ ಇದ್ದದ್ದನ್ನೇ ಹೇಳಿರುತ್ತಾರೆ ಎಂದುಕೊಂಡಿದ್ದರು. "ಪಾಪ, ಆದ್ರೂ ಬಿಡದೆ ಕಳಿಸ್ತಾರಲ್ಲ, ಎಂಥಾ ಜೀವ ಅದು," ಎನ್ನುತ್ತಿದ್ದರು. ತಂತಿಯಣ್ಣ ಎದ್ದು ಬಕೆಟ್ಟಿನ ನೀರು ಬದಲಿಸಲು ಹೋಗುತ್ತಿದ್ದರು.

ಏಳನೇ ವರ್ಷ ಹುಟ್ಟುಹಬ್ಬಕ್ಕೆ ನಾಲ್ಕು ದಿನವಿದ್ದಾಗ ಫೋನ್ ಬಂತು.

"ಈ ಸಲ ನಾನೇ ಬರ್ತಿದೀನಿ," ಎಂದರು ಮೇಡಂ. ಉಕ್ತಲೇಖನದ ಗಂಟಲಾಗಿರಲಿಲ್ಲ ಅದು. "ಆರು ವರ್ಷ ತಗೊಂಡಿದ್ದಾಳೆ ಅಂದ್ಮೇಲೆ ಅವಳ ಸಿಟ್ಟು ಇಳಿದಿದೆ ಅಂತ ತಾನೇ? ಬಾಯಲ್ಲಿ ಹೇಳೋಕೆ ಬಿಗುಮಾನ ಅಷ್ಟೆ, ಚಿಕ್ಕವಳಿದ್ದಾಗ್ಲಿಂದ ಹಾಗೇ. ಮುಂದಿನ ವರ್ಷ ನನ್ನ ಮಂಡಿ ಬಸ್ ಹತ್ತಿಸುತ್ತೋ ಇಲ್ವೋ. ಹನ್ನೆರಡು ಗಂಟೆ ಬಸ್ಸಿಗೆ ಬಂದಿಳೀತೀನಿ. ಹೂ ನನ್ನ ಕೈಗೇ ಕೊಡಿ. ಅವಳಿಗೆ ಮೊದಲೇ ಹೇಳ್ಬೇಡಿ, ಆಯ್ತಾ?"

"ಆಯ್ತು ಮೇಡಂ," ಎಂದು ತಂತಿಯಣ್ಣ ಫೋನ್ ಇಟ್ಟರು. ಹೆಂಡತಿ ಕತ್ತರಿ ಹಿಡಿದೇ ತಿರುಗಿ ನೋಡಿದರು. ಗಂಡನ ಮುಖ ಸುಣ್ಣವಾಗಿತ್ತು. ಒಂದೊಂದೇ ಮಾತಾಗಿ ಎಲ್ಲ ಹೊರಗೆ ಬಂತು.

"ಜನ್ಮದಲ್ಲಿ ಒಂದು ಸುಳ್ಳು ಸಲೀಸಾಗಿ ಬಾರದ ಬಾಯಿ," ಎಂದರು ಹೆಂಡತಿ. "ಮೊನ್ನೆ ನನ್ನ ತಮ್ಮನ ಹೆಂಡತಿ ಸೀರೆ ಹೇಗಿದೆ ಅಂತ ಕೇಳಿದ್ರೆ, 'ಪರದೆ ಥರ ಇದೆ' ಅಂದ ಮನುಷ್ಯ ನೀವು. ಹೋಗಿ ಹೋಗಿ ಇಲ್ಲಿ ಸುಳ್ಳು ಹೇಳೋದಾ?"

"ಬಿಸಿ ತುಪ್ಪ ಆಗೋಯ್ತು ಕಣೇ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ."

"ಉಗುಳೇಬೇಕು. ಮಂಡಿ ನೋವಿನ ಹೆಂಗಸು ಅಷ್ಟು ದೂರದಿಂದ ಬಂದು, ಮುಚ್ಚಿದ ಬಾಗಿಲಿನ ಮುಂದೆ ಹೂ ಹಿಡ್ಕೊಂಡು ನಿಲ್ಲಬೇಕಾ?"

ತಂತಿಯಣ್ಣ ಹೊರಟದ್ದು ಮಾತ್ರ ಫೋನಿನ ಕಡೆಗಲ್ಲ, ಕನ್ನಡಕದ ಅಂಗಡಿಗೆ. ಈ ಒಂದು ಸಲ ತಂಗಿ ಹೂ ತೆಗೆದುಕೊಂಡರೆ, ಹೇಳಿದ ಸುಳ್ಳು ತಡವಾಗಿಯಾದರೂ ನಿಜವಾದೀತು ಎಂಬ ಆಸೆ ಅವರಿಗಿತ್ತು.

ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ತಂಗಿ ಒಂದು ಲೆನ್ಸನ್ನು ಫ್ರೇಮಿಗೆ ಕೂರಿಸುತ್ತಿದ್ದರು. ಇವರನ್ನು ಕಂಡು, "ಬನ್ನಿ ತಂತಿಯಣ್ಣ, ಮತ್ತೆ ಕನ್ನಡಕದ ಮೇಲೆ ಕೂತ್ರಾ?" ಎಂದರು. ಇವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತರು, ಸುತ್ತಿ ಬಳಸಿ ಮಾತಾಡಿದರು. ಒಡಹುಟ್ಟಿದವರು ಅಂದರು, ವಯಸ್ಸು ಅಂದರು. ಈ ಸಲದ ಹೂವನ್ನು ಇಟ್ಟುಕೊಳ್ಳಬಾರದೇ ಅಂದರು. ತಂಗಿ ಕೈಕೆಲಸ ನಿಲ್ಲಿಸಿದರು.

"ಆರು ವರ್ಷದಿಂದ ಬಾಗಿಲಿಗೆ ಬರ್ತೀರಿ, ಒಂದು ದಿನಾನೂ ಬುದ್ಧಿ ಹೇಳಿದೋರಲ್ಲ. ಇವತ್ತೇನಾಗಿದೆ ನಿಮಗೆ?"

ಹೇಳಬೇಕಾಯಿತು, ಫೋನಿನ ಸುಳ್ಳಿನಿಂದ ಹಿಡಿದು ಆಸ್ಪತ್ರೆಯ ಜಗ್ಗಿನ ತನಕ. ತಂಗಿ ಪೂರ್ತಿ ಕೇಳಿದರು. ಲೆನ್ಸು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಅಂದ್ರೆ ನನ್ನ ಪರವಾಗಿ ನೀವು ಆರು ಸಲ ಕ್ಷಮಿಸಿಬಿಟ್ರಾ?"

"ತಪ್ಪಾಯ್ತಮ್ಮಾ. ಅವರಿಗೆ ನೋವಾಗುತ್ತೆ ಅಂತ..."

"ನಮ್ಮಕ್ಕನೂ ಇದನ್ನೇ ಅಂದಿದ್ದು," ಎಂದು ತಂಗಿ ತಡೆದರು. ಗಂಟಲು ಏರಲಿಲ್ಲ. "ನಂಗಾಗ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಬಾರದು ಅಂದಿದ್ರು ಡಾಕ್ಟ್ರು. ಅಪ್ಪ ಹೋದ್ರು. ಹೇಳಿದ್ರೆ ನಾನು ತಡ್ಕೊಳಲ್ಲ ಅಂತ ಅಕ್ಕ ತೀರ್ಮಾನ ಮಾಡಿದ್ಲು. ಇಪ್ಪತ್ತು ದಿನ! ದಿನಾ ಫೋನ್ ಮಾಡೋಳು. ಅಪ್ಪ ಹೇಗಿದ್ದಾರೆ ಅಂದ್ರೆ, ಮಲಗಿದ್ದಾರೆ ಅನ್ನೋಳು. ಕೊನೆಗೆ ಗೊತ್ತಾಗಿದ್ದು ಯಾರಿಂದ ಗೊತ್ತಾ? ಹಾಲು ಹಾಕೋನಿಂದ. ನಿಮ್ಮ ತಂದೆ ವಿಷ್ಯ ಕೇಳಿ ಬೇಜಾರಾಯ್ತಮ್ಮಾ ಅಂದ. ಮಗು ಏನೋ ಚೆನ್ನಾಗೇ ಹುಟ್ತು. ಅದನ್ನೇ ಅಕ್ಕ ಇವತ್ತಿಗೂ ಮುಂದಿಡ್ತಾಳೆ. ನೋಡು, ನಾನು ಮಾಡಿದ್ದು ಸರಿಯಾಯ್ತಲ್ಲ ಅಂತ."

ತಾನು ತಂತಿ ತಂದುಕೊಟ್ಟ ಮನೆಗಳಲ್ಲಿ ಒಬ್ಬರೂ, ಯಾಕೆ ತಂದಿರಿ ಎಂದು ಕೇಳಿರಲಿಲ್ಲ ಎಂಬುದು ತಂತಿಯಣ್ಣನಿಗೆ ಆಗ ನೆನಪಾಯಿತಂತೆ. ಬೈದವರಿದ್ದರು, ಅತ್ತವರಿದ್ದರು, ತರಬಾರದಿತ್ತು ಎಂದವರು ಮಾತ್ರ ಇರಲಿಲ್ಲ.

"ಬರೋದಾದ್ರೆ ಬರಲಿ," ಎಂದರು ತಂಗಿ, ಲೆನ್ಸನ್ನು ಮತ್ತೆ ಕೈಗೆತ್ತಿಕೊಂಡು. "ಬಾಗಿಲು ತೆಗೀತೀನೋ ಇಲ್ವೋ, ನಂಗೇ ಗೊತ್ತಿಲ್ಲ. ಆದ್ರೆ ನಾನು ಹೂ ತಗೊಂಡಿಲ್ಲ ಅನ್ನೋದು ಅವಳಿಗೆ ಗೊತ್ತಿರ್ಲಿ. ಗೊತ್ತಿದ್ದು ಬರಲಿ. ಹೇಳೋದು ನಿಮ್ಮ ಕೆಲಸ."

ತಮ್ಮ ಅಂಗಡಿಗೆ ಬಂದವರೇ ತಂತಿಯಣ್ಣ ಪುಸ್ತಕ ತೆರೆದು ಮುಂದಿಟ್ಟುಕೊಂಡು ಫೋನ್ ತಿರುಗಿಸಿದರು. ಹೆಂಡತಿ ಕೆಲಸ ಬಿಟ್ಟು ಪಕ್ಕದಲ್ಲಿ ನಿಂತರು. ಪೀಠಿಕೆ ಹಾಕಲಿಲ್ಲ. ಆರೂ ವರ್ಷದ ತಾರೀಖು ಓದಿದರು. ಪ್ರತಿ ತಾರೀಖಿನ ಮುಂದೆ ಬರೆದದ್ದನ್ನೂ ಓದಿದರು. ಮುಟ್ಟಲಿಲ್ಲ, ನಿರಾಕರಿಸಿದರು. ಮುಟ್ಟಲಿಲ್ಲ, ನಿರಾಕರಿಸಿದರು. ಆರನೆಯದನ್ನೂ ಓದಿ ಪುಸ್ತಕ ಮುಚ್ಚಿದರು.

"ನಾನು ಸುಳ್ಳು ಹೇಳಿದ್ದೆ ಮೇಡಂ."

ಅತ್ತ ಕಡೆಯಿಂದ ಹಳೆಯ ಮುಖ್ಯೋಪಾಧ್ಯಾಯಿನಿಯ ಗಂಟಲು ಬಂತು.

"ಯಾರು ಕೊಟ್ರು ನಿಮಗೆ ಈ ಅಧಿಕಾರ? ನನಗೆ ತಡ್ಕೊಳೋಕಾಗಲ್ಲ ಅಂತ ನೀವೇ ತೀರ್ಮಾನ ಮಾಡಿ..."

ಮಾತು ಅರ್ಧಕ್ಕೇ ನಿಂತಿತು. ತಂತಿಯಣ್ಣ ಕಾದರು. ಬೈಗುಳ ಬಂದಿದ್ದರೆ ಹಗುರವಾಗುತ್ತಿತ್ತು, ಬರಲಿಲ್ಲ. ಉಸಿರಷ್ಟೇ ಕೇಳುತ್ತಿತ್ತು. ಆಮೇಲೆ ಅತ್ತ ಕಡೆ ಫೋನ್ ಇಟ್ಟ ಸದ್ದಾಯಿತು.

"ಬರ್ತಾರಂತಾ?" ಹೆಂಡತಿ ಕೇಳಿದರು.

"ಹೇಳ್ಲಿಲ್ಲ."

ಹುಟ್ಟುಹಬ್ಬದ ದಿನ ಹನ್ನೊಂದೂವರೆಗೇ ತಂತಿಯಣ್ಣ ಬಸ್ ನಿಲ್ದಾಣದಲ್ಲಿದ್ದರು. ಹೂಗುಚ್ಛ ತಂದಿರಲಿಲ್ಲ. ಹೇಗೂ ಇರಲಿ ಎಂದು ಹೆಂಡತಿ ಹಳದಿ ಗುಲಾಬಿ ಸವರಿ ಬಕೆಟ್ಟಿನಲ್ಲಿ ಬೇರೆಯಾಗಿ ಇಟ್ಟಿದ್ದರು. ಅಂಗಿಯ ಜೇಬಿನಲ್ಲಿ ಆರು ಲಕೋಟೆಗಳಿದ್ದವು. ಮುಟ್ಟದ ತಂತಿ ಕಳಿಸಿದವರಿಗೇ ಹಿಂದಿರುಗಬೇಕು. ಅದೂ ಹಳೆಯ ನಿಯಮ.

ಹನ್ನೆರಡರ ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲೂರುತ್ತ ಒಬ್ಬ ಹೆಂಗಸು ಇಳಿದರು. ಬಿಳಿ ಕೂದಲು, ಹೆಗಲಿಗೊಂದು ಚೀಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದಿಲ್ಲ. "ತಂತಿಯಣ್ಣ ನೀವೇ ಅಲ್ವಾ?" ಎಂದರು ಆಕೆ. "ತಪ್ಪು ಮಾಡಿದ ಹುಡುಗರು ನಿಲ್ಲೋ ಥರ ನಿಂತಿದೀರಿ."

ಸಿಮೆಂಟಿನ ಬೆಂಚಿನ ಮೇಲೆ ಕೂತು ಮೇಡಂ ಲಕೋಟೆಗಳನ್ನು ಒಂದೊಂದಾಗಿ ತೆರೆದರು. ಆರೂ ಕಾರ್ಡುಗಳಲ್ಲಿ ತಂತಿಯಣ್ಣನ ಗುಂಡು ಅಕ್ಷರ, ಆರರಲ್ಲೂ ಒಂದೇ ಮಾತು. 'ಹುಟ್ಟುಹಬ್ಬದ ಶುಭಾಶಯ. ನಿನ್ನ ಒಳ್ಳೆಯದಕ್ಕೇ ಮಾಡಿದೆ. ಅಕ್ಕ.'

"ಆರು ಸಲ," ಎಂದರು ಮೇಡಂ. "ನಾನೇ ಹೇಳಿ ಬರೆಸಿದ್ದು. ನೀವು ಓದಿ ಹೇಳಿದಾಗ್ಲೂ ನನಗೆ ಕೇಳಿಸ್ಲಿಲ್ಲ ನೋಡಿ." ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡರು. "ಹೂ ಬೇಡ. ದಾರಿ ತೋರಿಸಿ ಸಾಕು."

ತಂತಿಯಣ್ಣ ಸೈಕಲ್ ತಳ್ಳುತ್ತ ಪಕ್ಕದಲ್ಲಿ ನಡೆದರು. ಕನ್ನಡಕದ ಅಂಗಡಿಗೆ ಅರ್ಧ ಬಾಗಿಲು ಹಾಕಿತ್ತು. ಹೊರಗಿನ ಮೆಟ್ಟಿಲು ಹದಿನಾಲ್ಕು. ಮೇಡಂ ಗೋಡೆ ಹಿಡಿದು ಹತ್ತುವಾಗ ಇವರು ಆಸರೆಗೆ ಹೋಗಲಿಲ್ಲ, ತಮ್ಮ ಜಾಗದಲ್ಲಿ, ಕೆಳಗೆ ಗೇಟಿನ ಹತ್ತಿರ ನಿಂತರು.

ಬಾಗಿಲು ತೆರೆಯಿತು. ತಂಗಿ ಮೊದಲು ನೋಡಿದ್ದು ಅಕ್ಕನನ್ನಲ್ಲ, ಕೆಳಗೆ ನಿಂತ ತಂತಿಯಣ್ಣನನ್ನು. "ಎಲ್ಲಾ ಹೇಳಿದ್ರಾ?"

"ಹೇಳ್ದೆ ಕಣಮ್ಮಾ."

"ಗೊತ್ತಿದ್ದೂ ಬಂದ್ಯಾ?" ಇದು ಅಕ್ಕನಿಗೆ.

"ಹೂಂ. ಗೊತ್ತಿದ್ದೇ ಬಂದೆ."

ತಂಗಿ ಚೌಕಟ್ಟಿಗೆ ಕೈಯಿಟ್ಟೇ ನಿಂತಿದ್ದರು. "ಒಂದು ಕೇಳ್ತೀನಿ. ಇಷ್ಟು ವರ್ಷ ಕೇಳೋಕಾಗಿರ್ಲಿಲ್ಲ, ನೀನು ನಿಜ ಹೇಳ್ತೀಯ ಅನ್ನೋ ನಂಬಿಕೆ ಇರ್ಲಿಲ್ಲ. ಅಪ್ಪ ಕೊನೇಲಿ ನನ್ನ ಕೇಳಿದ್ರಾ?"

ಇಲ್ಲ, ಪ್ರಜ್ಞೆಯೇ ಇರಲಿಲ್ಲ ಎಂದುಬಿಡುವುದು ಮೇಡಂಗೆ ಸುಲಭವಿತ್ತು. ಅದನ್ನು ಅಲ್ಲಗಳೆಯುವವರು ಯಾರೂ ಉಳಿದಿರಲಿಲ್ಲ.

"ಕೇಳಿದ್ರು," ಎಂದರು. "ಎರಡು ದಿನ ಕೇಳಿದ್ರು. ಬಂದ್ಲಾ, ಬಂದ್ಲಾ ಅಂತ. ಹೊರಟಿದ್ದಾಳೆ, ದಾರೀಲಿದ್ದಾಳೆ ಅಂದೆ. ಮೂರನೇ ದಿನ ಕೇಳ್ಲಿಲ್ಲ."

ತಂಗಿಯ ಕೈ ಚೌಕಟ್ಟಿನಿಂದ ಜಾರಿತು.

"ಹೋಗು ಅಕ್ಕಾ," ಎಂದರು ತಂಗಿ. "ಇವತ್ತಿಗೆ ನಂಗೆ ಇಷ್ಟೇ ಆಗೋದು."

ಬಾಗಿಲು ಮೆಲ್ಲಗೆ ಮುಚ್ಚಿತು. ಮೇಡಂ ಹತ್ತಿದ್ದಕ್ಕಿಂತ ನಿಧಾನವಾಗಿ ಹದಿನಾಲ್ಕು ಮೆಟ್ಟಿಲು ಇಳಿದರು. ಹೂವಿನ ಅಂಗಡಿಯಲ್ಲಿ ತಂತಿಯಣ್ಣನ ಹೆಂಡತಿ ಕೊಟ್ಟ ಊಟವನ್ನು ಉಂಡರು. ಎರಡೂವರೆ ಬಸ್ಸಿಗೆ ಹತ್ತುವ ಮೊದಲು ತಿರುಗಿ ಅಂದದ್ದು ಒಂದೇ ಮಾತು: "ಅಕ್ಕಾ ಅಂದ್ಲು. ಕೇಳಿಸ್ಕೊಂಡ್ರಿ ತಾನೇ? ಸುಳ್ಳಲ್ಲವಲ್ಲ?" ಇವರು ಹೌದೆಂದು ತಲೆಯಾಡಿಸಿದರು.

ಆ ದಿನ ಆ ಮನೆಗೆ ಹೂ ಹೋಗಿರಲಿಲ್ಲ. ಪುಸ್ತಕದಲ್ಲಿ ಬರೆಯಲು ಏನೂ ಇರಲಿಲ್ಲ.

ವರ್ಷ ಕಳೆದು ಅದೇ ದಿನಕ್ಕೆ ಮತ್ತೆ ಫೋನ್ ಬಂತು. ಅದೇ ಹಳದಿ ಗುಲಾಬಿ, ಬಿಳಿ ಸೇವಂತಿಗೆ. ಕಾರ್ಡಿನ ಮಾತು ಬದಲಾಗಿತ್ತು. ತಂತಿಯಣ್ಣ ಎಂದಿನಂತೆ ಓದಿ ಹೇಳಿದರು. ಸರಿ ಎಂದರು ಮೇಡಂ. ಅದರಲ್ಲಿ ಏನಿತ್ತೆಂದು ತಂತಿಯಣ್ಣ ಈವರೆಗೆ ಯಾರಿಗೂ ಹೇಳಿಲ್ಲ. ಹೆಂಡತಿ ಎಷ್ಟು ಪೀಡಿಸಿದರೂ, "ಮೊದಲಿನದಕ್ಕಿಂತ ಚಿಕ್ಕದು," ಎಂದಷ್ಟೇ ಅನ್ನುತ್ತಾರೆ.

ತಂಗಿ ಬಾಗಿಲಲ್ಲಿ ಲಕೋಟೆ ತೆರೆದು ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಂದು ಸಲ ಓದಿದರು. ಕಾರ್ಡನ್ನು ಒಳಗೆ ಮೇಜಿನ ಮೇಲಿಟ್ಟು ಬಂದು, ಹೂಗುಚ್ಛವನ್ನು ಮತ್ತೆ ಇವರ ಕೈಗೇ ಕೊಟ್ಟರು.

"ಕಾರ್ಡ್ ಇಟ್ಕೋತೀನಿ. ಹೂವನ್ನ ಆಸ್ಪತ್ರೆಗೇ ಕೊಡಿ ಅಣ್ಣಾ. ಪಾಪ, ಅಲ್ಲಿ ಜಗ್ ತೊಳೆದು ಕಾಯ್ತಿರ್ತಾರೆ."

ಅದು ನಿಜವೂ ಆಗಿತ್ತು. ಚೀಟಿ ಕೊಡುವ ಹೆಂಗಸು ನೀರು ತುಂಬಿದ ಜಗ್ಗನ್ನು ಕಿಟಕಿಯ ಹತ್ತಿರ ಆಗಲೇ ಇಟ್ಟಿದ್ದರು.

ಅಂಗಡಿಗೆ ಮರಳಿ ಪುಸ್ತಕ ತೆರೆದರು. ಎಡಕ್ಕೆ ಬರೆಯುವಂತಿರಲಿಲ್ಲ, ಬಲಕ್ಕೂ ಬರೆಯುವಂತಿರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, ಮಧ್ಯದ ಗೆರೆಯನ್ನು ಲೆಕ್ಕಿಸದೆ ಎರಡೂ ಕಡೆಗೆ ಹಾಯುವಂತೆ ಒಂದು ಸಾಲು ಬರೆದರು. ಆಮೇಲೆ ಫೋನ್ ತಿರುಗಿಸಿದರು. ಮೊದಲ ಗಂಟೆಗೇ ಅತ್ತ ಕಡೆ ಎತ್ತಿದರು, ಆದರೆ ಈ ಸಲ ಏನೂ ಕೇಳಲಿಲ್ಲ. ತಂತಿಯಣ್ಣ ಪುಸ್ತಕ ನೋಡಿಕೊಂಡು ಓದಿದರು.

"ಕಾರ್ಡು ಇಟ್ಟುಕೊಂಡರು. ಹೂ ಆಸ್ಪತ್ರೆಗೆ ಕೊಡಲು ಹೇಳಿದರು."

ಓದಿ, ಫೋನ್ ಇಡದೆ, ಗೇಟಿನ ಹತ್ತಿರ ನಿಲ್ಲುವ ಹಾಗೆ, ಸುಮ್ಮನೆ ಹಿಡಿದುಕೊಂಡು ನಿಂತರು. ಅತ್ತ ಕಡೆ ಆಕೆಯೇ ಫೋನ್ ಇಡುವ ತನಕ.